ಮೊನಾಕೊ: ನೆಲ ಡೊಂಕೋ, ಕುಣಿತ ಡೊಂಕೋ?

ಮೋಟಾರು ಪಂದ್ಯಗಳಲ್ಲಿ ಆಸಕ್ತಿಯುಳ್ಳ ಮಿತ್ರರು ನಮ್ಮ ಕಾಲೇಜಿನಲ್ಲಿ ಈಚೆಗೆ ಹೆಚ್ಚಾಗುತ್ತಿರುವರು. ಹಾಸ್ಟೆಲಿನ ಊಟದ ಮನೆಯಲ್ಲಿ ಕ್ರಿಕೆಟ್ಟಿನ ಚರ್ಚೆ ಮುಗಿದೊಡನೆ ಫಾರ್ಮುಲಾ ಒನ್ ಪಂದ್ಯಗಳ ಚರ್ಚೆ ಏಳುವುದುಂಟು. ಆಗ ಮೊನಾಕೊ ಎಂಬ ಹೆಸರು ಬಂದಿತೆಂದರೆ ಕುಳಿತವರಲ್ಲಿ ಎರಡು ಪಕ್ಷಗಳಾಗುವುವು. ಒಂದು ಪಕ್ಷದವರು ಅದನ್ನು ಪಂದ್ಯಗಳ ಮುಕುಟಮಣಿ ಎನ್ನುವರು. ಮತ್ತೊಂದು ಪಕ್ಷದವರು ಅದು ಪಂದ್ಯವೇ ಅಲ್ಲ, ಶ್ರೀಮಂತರ ಮೆರವಣಿಗೆ ಎನ್ನುವರು. ಒಂದು ಕಾರು ಇನ್ನೊಂದನ್ನು ದಾಟಿ ಹೋಗಲಾಗದ ಇಕ್ಕಟ್ಟಿನ ಬೀದಿಯಲ್ಲಿ ಪಂದ್ಯವೆಲ್ಲಿಂದ ಬಂದೀತು ಎಂಬುದು ಇವರ ವಾದ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅವರು ದೋಷವನ್ನು ಹೊರಿಸುತ್ತಿರುವ ಸ್ಥಳ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕುಣಿಯಲು ಬಾರದವಳು ನೆಲ ಡೊಂಕು ಎಂದಳೆಂಬ ಗಾದೆ ನಮ್ಮಲ್ಲಿ ಉಂಟಷ್ಟೆ? ಮೊನಾಕೊವಿನ ನೆಲ ಡೊಂಕೆಂಬುದು ನಿಜ; ಆ ಡೊಂಕಿನ ಮೇಲೆ ಕುಣಿಯುವುದೇ ಅಲ್ಲಿಯ ವಿದ್ಯೆ ಎಂಬುದು ಅದಕ್ಕಿಂತ ದೊಡ್ಡ ನಿಜ. ಇದನ್ನು ಸಾಧ್ಯವಾದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊನಾಕೊ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಬೆಟ್ಟಕ್ಕೆ ಬೆನ್ನುಕೊಟ್ಟು, ಮೆಡಿಟರೇನಿಯನ್ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಒಂದು ಪುಟ್ಟ ಸಂಸ್ಥಾನ. ಅದರ ವಿಸ್ತೀರ್ಣ ಸುಮಾರು 2 ಚದರ ಕಿಲೋಮೀಟರು ಮಾತ್ರ. ಇಷ್ಟು ಸಣ್ಣ ಜಾಗದಲ್ಲಿ ಪಂದ್ಯ ನಡೆಸುವ ಯೋಚನೆ ಹುಟ್ಟಿದ್ದಾದರೂ ಹೇಗೆ? ಅಲ್ಲಿಯ ಆಟೋಮೊಬೈಲ್ ಕ್ಲಬ್ಬಿಗೆ ರಾಷ್ಟ್ರೀಯ ಸಂಸ್ಥೆಯೆಂಬ ಮನ್ನಣೆ ಬೇಕಾಗಿದ್ದಿತು. ತನ್ನ ಗಡಿಯೊಳಗೇ ನಡೆಯುವ ದೊಡ್ಡ ಪಂದ್ಯವೊಂದೂ ಇಲ್ಲದ ಕ್ಲಬ್ಬಿಗೆ ಆ ಮನ್ನಣೆ ದೊರೆಯುವಂತಿರಲಿಲ್ಲ. ಗಡಿಯೊಳಗೆ ಮೈದಾನವಿಲ್ಲ, ಬಯಲಿಲ್ಲ. ಇದ್ದುದು ಬೀದಿಗಳು ಮಾತ್ರ. ಕ್ಲಬ್ಬಿನ ಆಂಟನಿ ನೋಗೆಸ್ ಎಂಬಾತನು ಆ ಬೀದಿಗಳಲ್ಲೇ ಒಂದು ಸುತ್ತನ್ನು ಗುರುತಿಸಿದನು. 1929ರ ಏಪ್ರಿಲ್ 14ರಂದು ಮೊದಲ ಪಂದ್ಯ ನಡೆಯಿತು. ಹಸಿರು ಬಣ್ಣದ ಬುಗಾಟಿ ಕಾರಿನಲ್ಲಿ ವಿಲಿಯಮ್ಸ್ ಎಂಬ ಚಾಲಕನು ಗಂಟೆಗೆ ಸರಾಸರಿ 80 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಅದನ್ನು ಗೆದ್ದನು. ಇಕ್ಕಟ್ಟು ಎಂಬುದು ಹೀಗೆ ಈ ಪಂದ್ಯಕ್ಕೆ ಮಧ್ಯದಲ್ಲಿ ಬಂದ ರೋಗವಲ್ಲ, ಹುಟ್ಟಿನಿಂದಲೇ ಬಂದ ಲಕ್ಷಣ.

ಪಂದ್ಯಕ್ಕೆಂದೇ ಕಟ್ಟಿದ ಹಾದಿಗೂ ಊರಿನ ಬೀದಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಕಟ್ಟಿದ ಹಾದಿಯನ್ನು ಇಂಜಿನಿಯರುಗಳು ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿರುವರು. ಅದರ ನೆಲ ಒಂದೇ ಸಮ. ತಿರುವಿನ ಹೊರಗೆ ಜಲ್ಲಿಯ ಹಾಸೋ, ಡಾಂಬರಿನ ಅಗಲವಾದ ಬಯಲೋ ಇರುವುದು. ಚಾಲಕನು ತಪ್ಪಿದರೆ ಬಯಲಿಗೆ ಹೋಗಿ, ಒಂದೆರಡು ಕ್ಷಣಗಳನ್ನು ಕಳೆದುಕೊಂಡು, ಮರಳಿ ಬರುವನು. ಬೀದಿಯ ಸಂಗತಿ ಹಾಗಲ್ಲ. ಅದು ಬಸ್ಸಿಗೂ ಲಾರಿಗೂ ಮಾಡಿದ ದಾರಿ. ಮಳೆಯ ನೀರು ಹರಿದುಹೋಗಲೆಂದು ಅದರ ನಡುಭಾಗ ಉಬ್ಬಿರುವುದು, ಅಂಚು ಇಳಿದಿರುವುದು. ಚರಂಡಿಯ ಮುಚ್ಚಳಗಳು, ಪಾದಚಾರಿಗಳಿಗಾಗಿ ಎಳೆದ ಬಿಳಿಯ ಪಟ್ಟೆಗಳು, ತೇಪೆ ಹಾಕಿದ ಗುಂಡಿಗಳು ಎಲ್ಲವೂ ಅಲ್ಲಿ ಇರುವುವು. ಒದ್ದೆಯಾದ ಬಿಳಿಯ ಪಟ್ಟೆಯ ಮೇಲೆ ಗಾಲಿ ಹಾಯ್ದರೆ ಎಣ್ಣೆಯ ಮೇಲೆ ಕಾಲಿಟ್ಟಂತೆ ಜಾರುವುದು. ಚರಂಡಿಯ ಮುಚ್ಚಳಗಳನ್ನು ಬೆಸುಗೆ ಹಾಕಿ ಭದ್ರಪಡಿಸದಿದ್ದರೆ, ಕಾರಿನ ಅಡಿಯಲ್ಲಿ ಉಂಟಾಗುವ ಸೆಳೆತಕ್ಕೆ ಅವು ಕಿತ್ತು ಮೇಲೇಳುವ ಅಪಾಯವುಂಟು. ಊರಿನ ವಾಹನಗಳು ಓಡಾಡಿದ ನೆಲದಲ್ಲಿ ಮೊದಲ ದಿನ ಟೈರುಗಳಿಗೆ ಹಿಡಿತವೇ ಸಿಗದು. ಪಂದ್ಯದ ಕಾರುಗಳು ಓಡಿದಂತೆಲ್ಲ ರಬ್ಬರು ನೆಲಕ್ಕೆ ಅಂಟಿ, ದಿನದಿಂದ ದಿನಕ್ಕೆ ಹಿಡಿತ ಹೆಚ್ಚುವುದು. ಎಂದರೆ ಚಾಲಕನು ನಿನ್ನೆ ಕಲಿತ ಪಾಠ ಇಂದಿಗೆ ಹಳೆಯದು. ಇವೆಲ್ಲಕ್ಕೂ ಮಿಗಿಲಾಗಿ, ತಿರುವಿನ ಹೊರಗೆ ಅಲ್ಲಿ ಬಯಲಿಲ್ಲ. ಉಕ್ಕಿನ ತಡೆಬೇಲಿ ಇರುವುದು.

ಇನ್ನು ಆ ಸುತ್ತನ್ನು ಒಮ್ಮೆ ಮನಸ್ಸಿನಲ್ಲಿಯೇ ಸುತ್ತಿ ಬರೋಣ. ಉದ್ದ 3.337 ಕಿಲೋಮೀಟರು, ತಿರುವುಗಳು 19, ಪಂದ್ಯಕ್ಕೆ 78 ಸುತ್ತು. ಇತರ ಕಡೆ ಪಂದ್ಯದ ದೂರ 305 ಕಿಲೋಮೀಟರಿಗೆ ಕಡಿಮೆಯಿರಕೂಡದೆಂಬ ನಿಯಮವಿದ್ದರೆ, ಮೊನಾಕೊಗೆ ಮಾತ್ರ ವಿನಾಯಿತಿ ಕೊಟ್ಟು 260 ಕಿಲೋಮೀಟರಿಗೆ ನಿಲ್ಲಿಸಿರುವರು. ಹೊರಡುವ ಜಾಗವೂ ನೇರವಾಗಿಲ್ಲ, ಬಲಕ್ಕೆ ಸ್ವಲ್ಪ ಬಾಗಿದೆ. ಅಲ್ಲಿಂದ ಸೇಂತ್ ದೆವೋತ್ ಎಂಬ ಸಂತಳ ಪುಟ್ಟ ದೇಗುಲದ ಬಳಿ ಬಲಕ್ಕೆ ಮೊದಲ ತಿರುವು. ಕಾರುಗಳೆಲ್ಲ ಒಂದರ ಹಿಂದೆ ಒಂದು ನುಗ್ಗಿ ಬಂದು ಈ ಇಕ್ಕಟ್ಟಿನಲ್ಲಿ ತೂರಬೇಕು. ಅನೇಕರ ಪಂದ್ಯ ಇಲ್ಲಿಯೇ ಮುಗಿದುಹೋಗುವುದು. ಬಳಿಕ ಬೋ ರಿವಾಜ್ ಎಂಬ ಏರು. ಏರಿನಲ್ಲಿ ವೇಗ ಹೆಚ್ಚುತ್ತ ಹೋಗಿ, ನೆತ್ತಿಯಲ್ಲಿ ಮಸ್ಸನೆ ಎಂಬ ದೀರ್ಘವಾದ ಎಡತಿರುವು ಎದುರಾಗುವುದು. ಈ ತಿರುವಿನ ಕೊನೆ ಮೊದಲಲ್ಲಿ ಕಾಣುವುದಿಲ್ಲ. ಕಾಣದ್ದನ್ನು ಕಂಡಂತೆ ನಂಬಿ ಸ್ಟೀರಿಂಗನ್ನು ತಿರುಗಿಸಬೇಕು.

ಕ್ಯಾಸಿನೊ ಚೌಕವನ್ನು ಬಳಸಿ ಇಳಿಜಾರಿಗೆ ಬಿದ್ದೊಡನೆ ರಸ್ತೆಯಲ್ಲಿ ಒಂದು ಉಬ್ಬು ಸಿಗುವುದು. ಅದನ್ನು ತಪ್ಪಿಸಲು ಚಾಲಕರು ನೆಟ್ಟನೆಯ ದಾರಿಯಲ್ಲಿಯೂ ಕಾರನ್ನು ಓರೆಯಾಗಿ ಹಾಯಿಸುವರು. ಅದರ ಬೆನ್ನಿಗೇ ಮಿರಾಬೋ ತಿರುವಿಗೆ ಬ್ರೇಕು ಒತ್ತಬೇಕು. ಅದರ ಕೆಳಗೆ ಹೋಟೆಲೊಂದರ ಮುಂದೆ ಪ್ರಸಿದ್ಧವಾದ ಹೇರ್‌ಪಿನ್ ತಿರುವು. ನಮ್ಮ ಆಗುಂಬೆಯ ಘಾಟಿಯಲ್ಲಿ ಬಸ್ಸಿನ ಚಾಲಕನು ಸ್ಟೀರಿಂಗನ್ನು ಕೈಮೇಲೆ ಕೈಹಾಕಿ ತಿರುಗಿಸುವುದನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವರ್ಣಿಸಬೇಕಾಗಿಲ್ಲ. ಗಂಟೆಗೆ 300 ಕಿಲೋಮೀಟರು ಓಡಬಲ್ಲ ಯಂತ್ರ ಇಲ್ಲಿ 50 ಕಿಲೋಮೀಟರಿಗಿಂತಲೂ ಕೆಳಗಿಳಿದು, ಗಾಣದ ಎತ್ತಿನಂತೆ ಮೆಲ್ಲನೆ ತಿರುಗುವುದು. ಫಾರ್ಮುಲಾ ಒನ್ ಪಂದ್ಯಗಳಲ್ಲೆಲ್ಲ ಅತ್ಯಂತ ನಿಧಾನವಾದ ತಿರುವು ಇದೇ. ಮುಂದಿನ ಗಾಲಿಗಳು ಇನ್ನಷ್ಟು ಹೊರಳುವಂತೆ ತಂಡದವರು ಈ ಒಂದು ತಿರುವಿಗಾಗಿಯೇ ಕಾರಿನ ಮುಂಭಾಗದ ಜೋಡಣೆಯನ್ನು ಮಾರ್ಪಡಿಸುವರು.

ಅದಾದ ಮೇಲೆ ಪೋರ್ತಿಯೆ ತಿರುವಿನಿಂದ ಸಮುದ್ರದ ಬದಿಗೆ ಬಂದು ಸುರಂಗವನ್ನು ಹೊಗಬೇಕು. ಬಿಸಿಲಿನಿಂದ ಕತ್ತಲಿಗೆ, ಕತ್ತಲಿನಿಂದ ಮತ್ತೆ ಕಣ್ಣುಕೋರೈಸುವ ಬಿಸಿಲಿಗೆ! ಸುರಂಗವೂ ನೇರವಾಗಿಲ್ಲ, ಬಲಕ್ಕೆ ಬಾಗಿದೆ. ಅಲ್ಲಿ ವೇಗವನ್ನು ಎಳ್ಳಷ್ಟೂ ತಗ್ಗಿಸದೆ ಹೋಗಿ, ಗಂಟೆಗೆ 290 ಕಿಲೋಮೀಟರಿನ ಸಮೀಪದಲ್ಲಿ ಹೊರಬಂದು, ಇಳಿಜಾರಿನಲ್ಲಿಯೇ ಬ್ರೇಕು ಒತ್ತಿ, ಬಂದರಿನ ಅಂಚಿನ ಎಡಬಲ ತಿರುವಿಗೆ ಕಾರನ್ನು ಒಗ್ಗಿಸಬೇಕು. ಮುಂದಿನ ಕಾರನ್ನು ಹಿಂದಿಕ್ಕಲು ಸ್ವಲ್ಪವಾದರೂ ಅವಕಾಶವಿರುವುದು ಮುಖ್ಯವಾಗಿ ಇಲ್ಲಿ. ಬಳಿಕ ದೋಣಿಗಳು ನಿಂತಿರುವ ಬಂದರಿನ ಬದಿಯಲ್ಲಿ ತಬಾ ಎಂಬ ವೇಗದ ಎಡತಿರುವು, ಈಜುಕೊಳದ ಸುತ್ತಿನ ನಾಲ್ಕು ಕೊಂಕುಗಳು, ರಾಸ್ಕಾಸ್ ಎಂಬ ಮೆಲ್ಲನೆಯ ಬಲತಿರುವು, ಕಡೆಗೆ ಆ ಮೂಲಪುರುಷ ನೋಗೆಸನ ಹೆಸರನ್ನೇ ಹೊತ್ತ ಕೊನೆಯ ತಿರುವು. 2025ರಲ್ಲಿ ಲ್ಯಾಂಡೊ ನಾರಿಸ್ ಇಷ್ಟನ್ನೂ 1 ನಿಮಿಷ 9.954 ಸೆಕೆಂಡಿನಲ್ಲಿ ಮುಗಿಸಿ ಮುಂಚೂಣಿಯ ಸ್ಥಾನ ಪಡೆದನು. ಇದು ಗಂಟೆಗೆ ಸುಮಾರು 172 ಕಿಲೋಮೀಟರಿನ ಸರಾಸರಿ. ಇತರ ಪಂದ್ಯಗಳ ಮುಂದೆ ಇದು ಅಲ್ಪ ವೇಗವೇ ಸರಿ. ಆದರೆ ನಡುಮನೆಯಲ್ಲಿ ಸೈಕಲ್ ತುಳಿದ ಹಾಗೆ ಎಂದು ನೆಲ್ಸನ್ ಪಿಕೆ ಎಂಬ ಮೂರು ಬಾರಿಯ ವಿಶ್ವವಿಜೇತನು ಇದನ್ನು ಬಣ್ಣಿಸಿದ್ದುದನ್ನು ಮರೆಯಬಾರದು.

ಇಂಥ ದಾರಿ ಚಾಲಕನಿಂದ ಏನನ್ನು ಬೇಡುವುದು? ಮೊದಲನೆಯದಾಗಿ, ವಿಶ್ರಾಂತಿಯಿಲ್ಲದ ಗಮನವನ್ನು ಬೇಡುವುದು. ಬೇರೆ ಹಾದಿಗಳಲ್ಲಿ ಉದ್ದನೆಯ ನೇರಭಾಗ ಸಿಕ್ಕಾಗ ಚಾಲಕನು ಕೈ ಸಡಿಲಿಸಿ ಒಂದು ಉಸಿರು ಬಿಡಬಹುದು. ಇಲ್ಲಿ ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಬಂದಿರುವುದು. ಎರಡನೆಯದಾಗಿ, ಅಳತೆಯನ್ನು ಬೇಡುವುದು. ತಡೆಬೇಲಿಗೆ ಒಂದು ಗೇಣು ದೂರದಲ್ಲಿ ಹೋದವನು ನಿಧಾನಿ; ಒಂದು ಬೆರಳು ದೂರದಲ್ಲಿ ಹೋದವನು ಜಾಣ; ಮುಟ್ಟಿದವನು ಮನೆಗೆ. ಮೂರನೆಯದಾಗಿ, ಯಂತ್ರವನ್ನು ಹದವಾಗಿ ನಡೆಸುವ ಶಕ್ತಿಯನ್ನು ಬೇಡುವುದು. ರೆಕ್ಕೆಗಳನ್ನು ಆದಷ್ಟು ದೊಡ್ಡದಾಗಿಟ್ಟು ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮಿದರೂ, ವೇಗ ಕಡಿಮೆಯಾದ ತಿರುವುಗಳಲ್ಲಿ ಆ ಒತ್ತಡ ಸಾಕಷ್ಟು ಒದಗದು. ಅಲ್ಲಿ ಕಾಲಿನ ಹದವೇ ಗತಿ. ಆಕ್ಸಿಲರೇಟರನ್ನು ಸ್ವಲ್ಪ ಮುಂಚೆ ಒತ್ತಿದರೆ ಹಿಂದಿನ ಗಾಲಿ ಜಾರಿ ಕಾರು ಬೇಲಿಗೆ ಹೋಗುವುದು, ಸ್ವಲ್ಪ ತಡವಾಗಿ ಒತ್ತಿದರೆ ಹೊತ್ತು ಹೋಗುವುದು.

ಗಮನವೆಂದರೆ ಎಂಥದೆಂಬುದಕ್ಕೆ 1950ರ ಪಂದ್ಯದ ಕಥೆಯೊಂದನ್ನು ಹೇಳುವರು. ಅಂದು ಮೊದಲ ಸುತ್ತಿನಲ್ಲಿಯೇ ಸಮುದ್ರದ ಅಲೆಯೊಂದು ತಬಾ ತಿರುವಿನ ರಸ್ತೆಯ ಮೇಲೆ ನೀರು ಚೆಲ್ಲಿತು. ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಹತ್ತಿರ ಹತ್ತಿರ ಅರ್ಧದಷ್ಟು ಅಲ್ಲಿಯೇ ನಿಂತವು. ಆದರೆ ಮುಂದೆ ಹೋಗಿದ್ದ ಹುವಾನ್ ಮಾನ್ಯುಯೆಲ್ ಫಾಂಜಿಯೊಗೆ ಇದು ತಿಳಿಯದು. ಎರಡನೆಯ ಸುತ್ತಿನಲ್ಲಿ ಆ ಜಾಗಕ್ಕೆ ಬರುವಾಗ ಪ್ರೇಕ್ಷಕರ ಮುಖಗಳು ತನ್ನತ್ತ ತಿರುಗಿಲ್ಲವೆಂಬುದನ್ನು ಆತನು ಕಂಡನಂತೆ. ಮುಂದಾಳನ್ನು ಬಿಟ್ಟು ಜನ ಬೇರೆ ಕಡೆ ನೋಡುತ್ತಿರುವರೆಂದರೆ ಅಲ್ಲಿ ಏನೋ ಆಗಿರಬೇಕೆಂದು ಊಹಿಸಿ, ವೇಗವನ್ನು ತಗ್ಗಿಸಿ, ನುಚ್ಚುನೂರಾದ ಕಾರುಗಳ ನಡುವೆ ನುಸುಳಿ ಹೋಗಿ, ಕೊನೆಗೆ ಪಂದ್ಯವನ್ನೂ ಗೆದ್ದನು. ಅಂದು ಆತನನ್ನು ಉಳಿಸಿದ್ದು ಎಂಜಿನ್ನಿನ ಶಕ್ತಿಯಲ್ಲ, ಕಣ್ಣಿನ ಎಚ್ಚರ.

ಯಂತ್ರಕ್ಕಿಂತ ಮನುಷ್ಯನು ಹೆಚ್ಚೆಂಬುದನ್ನು ಈ ಬೀದಿ ಮತ್ತೆ ಮತ್ತೆ ತೋರಿಸಿದೆ. 1961ರಲ್ಲಿ ಫೆರಾರಿ ಕಾರುಗಳ ಎಂಜಿನ್ನು ಉಳಿದವರದಕ್ಕಿಂತ ಬಲವಾದುದಾಗಿದ್ದಿತು. ಅವುಗಳ ಎದುರಿಗೆ ಸ್ಟರ್ಲಿಂಗ್ ಮಾಸ್ ಖಾಸಗಿ ತಂಡವೊಂದರ ಹಳೆಯ ಮಾದರಿಯ ಲೋಟಸ್ ಕಾರಿನಲ್ಲಿ ಬಂದನು. ಪಂದ್ಯ ಆರಂಭವಾಗುವ ಮುನ್ನ ಕಾರಿನ ಚೌಕಟ್ಟಿನ ಕೊಳವೆಯೊಂದು ಬಿರುಕುಬಿಟ್ಟಿರುವುದು ಕಂಡಿತು. ಪೆಟ್ರೋಲು ತುಂಬಿದ್ದ ಆ ಕಾರಿಗೆ ಒದ್ದೆಬಟ್ಟೆ ಸುತ್ತಿ, ನಿಂತಲ್ಲೇ ಬೆಸುಗೆ ಹಾಕಿದರು. ಸೆಕೆ ತಡೆಯಲಾರದೆ ಕಾರಿನ ಪಕ್ಕದ ತಗಡುಗಳನ್ನು ಕಳಚಿಟ್ಟು ಮಾಸ್ ಹೊರಟನು. ಹಿಂದೆ ಫೆರಾರಿಗಳು ಬೆನ್ನಟ್ಟಿರಲು, 100 ಸುತ್ತುಗಳ ಆ ದೀರ್ಘ ಪಂದ್ಯವನ್ನು 3.6 ಸೆಕೆಂಡುಗಳ ಅಂತರದಿಂದ ಗೆದ್ದನು. ಉದ್ದನೆಯ ನೇರದಾರಿಗಳುಳ್ಳ ಬೇರೆಡೆಯಲ್ಲಿ ಆ ದಿನ ಆ ಕಾರಿಗೆ ಗೆಲುವು ಸಾಧ್ಯವಿತ್ತೆ? ಇರಲಾರದು. 2018ರಲ್ಲಿ ಡೇನಿಯಲ್ ರಿಕಾರ್ಡೊ ಎಂಜಿನ್ನಿನ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಂಡ ಮೇಲೂ ಹತ್ತಿರ ಹತ್ತಿರ ಐವತ್ತು ಸುತ್ತುಗಳನ್ನು ಮೊದಲಿಗನಾಗಿಯೇ ಓಡಿ ಗೆದ್ದುದೂ ಇಲ್ಲಿಯೇ.

ಆದರೆ ಬೀದಿ ಯಾರಿಗೂ ನೆಂಟನಲ್ಲ. ಅದನ್ನು ಆರು ಬಾರಿ ಗೆದ್ದ ಏರ್ಟನ್ ಸೆನ್ನಾನನ್ನೇ ನೋಡಿರಿ. 1988ರಲ್ಲಿ ಮುಂಚೂಣಿಯ ಸ್ಥಾನಕ್ಕಾಗಿ ನಡೆದ ಓಟದಲ್ಲಿ ಆತನು, ಅದೇ ಬಗೆಯ ಕಾರನ್ನು ಓಡಿಸುತ್ತಿದ್ದ ಆಲೆನ್ ಪ್ರಾಸ್ಟನಿಗಿಂತ 1.4 ಸೆಕೆಂಡಿಗೂ ಹೆಚ್ಚು ವೇಗವಾಗಿ ಸುತ್ತಿದನು. ಕೂದಲೆಳೆಯಲ್ಲಿ ಗೆಲುವು ನಿರ್ಧಾರವಾಗುವ ಆಟದಲ್ಲಿ ಇದು ಯೋಜನದ ಅಂತರ. ಮರುದಿನದ ಪಂದ್ಯದಲ್ಲಿಯೂ ಸುಮಾರು 50 ಸೆಕೆಂಡು ಮುಂದಿದ್ದನು. ಇನ್ನು ಹನ್ನೆರಡು ಸುತ್ತು ಮಾತ್ರ ಉಳಿದಿತ್ತು. ನಿಧಾನವಾಗಿ ಹೋಗೆಂದು ತಂಡದವರು ತಿಳಿಸಿದರು. ನಿಧಾನಿಸಲು ಹೋದವನ ಲಯ ತಪ್ಪಿತು. ಪೋರ್ತಿಯೆಯ ಬಳಿ ಕಾರು ಬೇಲಿಗೆ ತಾಗಿತು. ಗೆಲುವು ಪ್ರಾಸ್ಟನದಾಯಿತು. ಎದುರಾಳಿಯಿಲ್ಲದ ಕಡೆಯಲ್ಲಿಯೂ ಗೋಡೆಯೊಂದು ಎದುರಾಳಿಯಾಗಿ ಇದ್ದೇ ಇರುವುದೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಮೊನಾಕೊವಿನಲ್ಲಿ ಪಂದ್ಯ ನಡೆಯುವುದು ಕಾರಿಗೂ ಕಾರಿಗೂ ಮಾತ್ರವಲ್ಲ, ಮನುಷ್ಯನಿಗೂ ಅವನ ಮನಸ್ಸಿಗೂ ಸಹ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದವರ ಮಾತನ್ನು ಕೇಳದೆ ಹೋಗುವುದು ನ್ಯಾಯವಲ್ಲ. ಅವರ ಕೈಯಲ್ಲಿ ಬಲವಾದ ಸಾಕ್ಷ್ಯಗಳುಂಟು. 1992ರಲ್ಲಿ ನೈಜೆಲ್ ಮ್ಯಾನ್ಸೆಲನ ಕಾರು ಎಲ್ಲರದಕ್ಕಿಂತ ವೇಗವಾದುದು. ಆ ವರ್ಷದ ಮೊದಲ ಐದು ಪಂದ್ಯಗಳನ್ನೂ ಆತನೇ ಗೆದ್ದಿದ್ದನು. ಮೊನಾಕೊವಿನಲ್ಲಿ ಕೊನೆಗಾಲದಲ್ಲಿ ಟೈರು ಬದಲಿಸಬೇಕಾಗಿ ಬಂದು ಸೆನ್ನಾನ ಹಿಂದೆ ಬಿದ್ದವನು, ಹೊಸ ಟೈರಿನ ಬಲದಿಂದ ಕ್ಷಣಾರ್ಧದಲ್ಲಿ ಬೆನ್ನಿಗೆ ಬಂದನು. ಎಡಕ್ಕೆ ಇಣುಕಿದನು, ಬಲಕ್ಕೆ ಇಣುಕಿದನು, ದಾರಿ ಸಿಗಲಿಲ್ಲ. ಸೆಕೆಂಡಿನ ಕಾಲುಭಾಗಕ್ಕೂ ಕಡಿಮೆ ಅಂತರದಲ್ಲಿ ಸೋತನು. ಇದನ್ನಾದರೂ ರೋಮಾಂಚಕಾರಿ ಎನ್ನಬಹುದು. ಆದರೆ 2024ರ ಪಂದ್ಯ? ಮೊದಲ ಸುತ್ತಿನಲ್ಲಿಯೇ ಅಪಘಾತವಾಗಿ ಪಂದ್ಯವನ್ನು ನಿಲ್ಲಿಸಿದರು; ಆ ಬಿಡುವಿನಲ್ಲಿ ಎಲ್ಲರೂ ಟೈರು ಬದಲಿಸಿಕೊಂಡರು. ಆಮೇಲೆ ಯಾರೂ ನಿಲ್ಲುವ ಅಗತ್ಯವಿರಲಿಲ್ಲ. ಯಾರೂ ಯಾರನ್ನೂ ದಾಟುವಂತೆಯೂ ಇರಲಿಲ್ಲ. ಹೊರಟ ಮೊದಲ ಹತ್ತು ಮಂದಿ ಹೊರಟ ಕ್ರಮದಲ್ಲಿಯೇ ಬಂದು ತಲುಪಿದರು. ಫಾರ್ಮುಲಾ ಒನ್ನಿನ ಇತಿಹಾಸದಲ್ಲಿ ಹಾಗೆ ಆದದ್ದು ಅದೇ ಮೊದಲು. ಆ ಊರಿನ ಮಗನೇ ಆದ ಶಾರ್ಲ್ ಲೆಕ್ಲೆರ್ ಗೆದ್ದುದರಿಂದ ಊರಿಗೆ ಹಬ್ಬವಾಯಿತು. ದೂರದಿಂದ ನೋಡಿದವರಿಗೆ ಆಕಳಿಕೆ ಬಂದಿತು.

ಇದಕ್ಕೆ ಪರಿಹಾರವೆಂದು 2025ರಲ್ಲಿ ಒಂದು ನಿಯಮ ತಂದರು. ಪ್ರತಿಯೊಬ್ಬನೂ ಪಂದ್ಯದಲ್ಲಿ ಕನಿಷ್ಠ ಮೂರು ಜೊತೆ ಟೈರುಗಳನ್ನು ಬಳಸಲೇಬೇಕು, ಎಂದರೆ ಎರಡು ಬಾರಿ ನಿಲ್ಲಲೇಬೇಕು ಎಂಬುದು ಆ ನಿಯಮ. ಫಲವೇನಾಯಿತು? ಕೆಲವು ತಂಡಗಳವರು ತಮ್ಮ ಒಬ್ಬ ಚಾಲಕನಿಂದ ಬೇಕೆಂದೇ ನಿಧಾನವಾಗಿ ಕಾರು ಓಡಿಸಿ, ಹಿಂದಿನವರನ್ನೆಲ್ಲ ತಡೆದು, ಇನ್ನೊಬ್ಬ ಚಾಲಕನಿಗೆ ನಿಂತು ಹೊರಡುವಷ್ಟು ಹೊತ್ತನ್ನು ಸಂಪಾದಿಸಿಕೊಟ್ಟರು. ಹಿಂದೆ ಸಿಕ್ಕಿಬಿದ್ದ ಒಬ್ಬ ಚಾಲಕನಂತೂ ತಾಳ್ಮೆಗೆಟ್ಟು, ಬಂದರಿನ ಬಳಿಯ ತಿರುವನ್ನು ಬಿಟ್ಟು ಅಡ್ಡದಾರಿಯಲ್ಲಿ ಮುಂದೆ ಹೋಗಿ ದಂಡ ತೆತ್ತನು. ವೇಗದ ಪಂದ್ಯದಲ್ಲಿ ನಿಧಾನವೇ ಉಪಾಯವಾದುದು ಎಂಥ ವಿಪರ್ಯಾಸ! ರೋಗದ ಮೂಲವನ್ನು ಬಿಟ್ಟು ಕೊಂಬೆಗೆ ಔಷಧ ಹಚ್ಚಿದರೆ ಹೀಗೆಯೇ ಆಗುವುದು.

ಹಾಗಾದರೆ ಮೂಲವೆಲ್ಲಿ? ಬೀದಿ ಮೊದಲು ಎಷ್ಟು ಅಗಲವಿದ್ದಿತೋ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಅಗಲವಿದೆ. ಬೆಳೆದದ್ದು ಕಾರು. 1961ರ ನಿಯಮದಂತೆ ಕಾರಿನ ಕನಿಷ್ಠ ತೂಕ 450 ಕಿಲೋಗ್ರಾಮು. 2025ರಲ್ಲಿ ಅದು 800 ಕಿಲೋಗ್ರಾಮು. ಅಗಲ 2 ಮೀಟರು. ಉದ್ದ ಐದು ಮೀಟರನ್ನು ಮೀರಿ ಐದೂವರೆಯ ಹತ್ತಿರ. ಇಂಥ ಎರಡು ಆನೆಗಳು ಒಂದೇ ಓಣಿಯಲ್ಲಿ ಪಕ್ಕಪಕ್ಕಕ್ಕೆ ಹೋಗಬೇಕೆಂದರೆ ಓಣಿ ಏನು ಮಾಡೀತು? ಆನೆಯನ್ನು ಸಾಕಿದವರು ಓಣಿಯನ್ನು ಬಯ್ಯುತ್ತಿರುವರು! ಜೊತೆಗೆ, ಇಂದಿನ ಕಾರುಗಳ ಗಾಳಿಯ ರೆಕ್ಕೆಗಳ ಏರ್ಪಾಡು ಎಂಥದೆಂದರೆ, ಮುಂದಿನ ಕಾರಿನ ಹಿಂದೆ ಎದ್ದ ಕದಡಿದ ಗಾಳಿಯಲ್ಲಿ ಹಿಂದಿನ ಕಾರಿನ ಹಿಡಿತ ಕುಂದುವುದು. ಕಾರು ಚಿಕ್ಕದಾಗದೆ ಮೊನಾಕೊ ದೊಡ್ಡದಾಗದು. ಈ ಸತ್ಯ ನಿಯಮ ಮಾಡುವವರಿಗೂ ಅರ್ಥವಾದಂತಿದೆ. 2026ರ ನಿಯಮಗಳಲ್ಲಿ ಕಾರಿನ ಅಗಲವನ್ನು 10 ಸೆಂಟಿಮೀಟರು, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಉದ್ದವನ್ನು 20 ಸೆಂಟಿಮೀಟರು ಇಳಿಸಿರುವರು. ತೂಕವನ್ನೂ ಮೂವತ್ತು ಕಿಲೋಗ್ರಾಮಿನಷ್ಟು ತಗ್ಗಿಸಲು ಹವಣಿಸಿರುವರು. ಇದು ಸಾಲದು, ಆದರೂ ಹೆಜ್ಜೆ ಸರಿಯಾದ ದಿಕ್ಕಿನಲ್ಲಿದೆ. ಬೀದಿಯನ್ನು ಕೈಬಿಡುವುದಕ್ಕಿಂತ ಕಾರನ್ನು ಇಳಿಸುವುದೇ ವಿವೇಕ.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ಗೋಡೆಯನ್ನು ಹೊಗಳುವವನು ಸಾವನ್ನು ಹೊಗಳಿದಂತಾಗದೆ ಎಂದು ಕೆಲವರು ಕೇಳುವರು. ಕೇಳಬೇಕಾದ ಪ್ರಶ್ನೆಯೇ. 1955ರಲ್ಲಿ ಆಲ್ಬರ್ಟೊ ಅಸ್ಕಾರಿ, 1965ರಲ್ಲಿ ಪಾಲ್ ಹಾಕಿನ್ಸ್ ಕಾರುಸಮೇತ ಬಂದರಿನ ನೀರಿಗೆ ಬಿದ್ದರು. ಇಬ್ಬರೂ ಬದುಕಿ ಮೇಲೆ ಬಂದುದು ಅದೃಷ್ಟ. ಲೊರೆಂಜೊ ಬಾಂಡಿನಿಗೆ ಆ ಅದೃಷ್ಟವಿರಲಿಲ್ಲ. 1967ರಲ್ಲಿ ಎರಡನೆಯ ಸ್ಥಾನದಲ್ಲಿದ್ದು, 100 ಸುತ್ತುಗಳಲ್ಲಿ 80ಕ್ಕೂ ಹೆಚ್ಚನ್ನು ಮುಗಿಸಿ ದಣಿದಿದ್ದ ಆತನ ಕಾರು ಬಂದರಿನ ಬಳಿಯ ತಿರುವಿನಲ್ಲಿ ತಾಗಿ ಮಗುಚಿತು. ರಕ್ಷಣೆಗೆಂದು ಇಟ್ಟಿದ್ದ ಹುಲ್ಲಿನ ಕಂತೆಗಳೇ ಹೊತ್ತಿ ಉರಿದವು. ಮೂರು ದಿನಗಳ ಮೇಲೆ ಆತನು ತೀರಿಕೊಂಡನು. ರಕ್ಷಣೆಯ ಹೆಸರಿನಲ್ಲಿ ಇಂಧನವನ್ನು ಇಟ್ಟಂತಾಗಿದ್ದಿತು. ಮರುವರ್ಷ ಸುತ್ತುಗಳನ್ನು 80ಕ್ಕೆ ಇಳಿಸಿದರು. 1969ರಲ್ಲಿ ಉಕ್ಕಿನ ಬೇಲಿ ಅಲ್ಲಲ್ಲಿ ಬಂದಿತು. 1972ರ ವೇಳೆಗೆ ಹೆಚ್ಚುಕಡಿಮೆ ಇಡೀ ಸುತ್ತನ್ನು ಆವರಿಸಿತು. ತಪ್ಪಿಗೆ ಬೆಲೆ ಇರಬೇಕು. ಆ ಬೆಲೆ ಪ್ರಾಣವಾಗಿರಬಾರದು. ಇಂದು ಮೊನಾಕೊವಿನಲ್ಲಿ ಬೇಲಿಗೆ ತಾಗಿದ ಚಾಲಕನು ಪಂದ್ಯವನ್ನು ಕಳೆದುಕೊಂಡು, ತಲೆ ತಗ್ಗಿಸಿ, ಕಾಲ್ನಡಿಗೆಯಲ್ಲಿ ಮರಳುವನು. ಶಿಕ್ಷೆಯೆಂದರೆ ಇಷ್ಟಿದ್ದರೆ ಸಾಕು. ಬಾಂಡಿನಿಯನ್ನು ನೆನೆಯದೆ ಈ ಪಂದ್ಯವನ್ನು ಹೊಗಳುವವನ ಹೊಗಳಿಕೆ ಟೊಳ್ಳು ಎಂದೇ ನನ್ನ ಎಣಿಕೆ.

ಮೂರನೆಯದಾಗಿ, ಮೊನಾಕೊವಿನ ನಿಜವಾದ ಪಂದ್ಯ ಶನಿವಾರವೇ ಮುಗಿಯುವುದು, ಭಾನುವಾರಕ್ಕೆ ಉಳಿಯುವುದು ಬರಿಯ ವಿಧಿ ಎನ್ನುವರು. ಶನಿವಾರ ನಡೆಯುವ ಅರ್ಹತೆಯ ಓಟದಲ್ಲಿ ಒಬ್ಬೊಬ್ಬನೂ ತನ್ನ ಅತ್ಯುತ್ತಮ ಸುತ್ತನ್ನು ಓಡಿ ಸ್ಥಾನ ಗಳಿಸುವನು. ಇದನ್ನು ದೋಷವೆನ್ನುವರಿಗೆ ಒಂದು ಸಂಗತಿ ತಿಳಿದಿರಲಾರದು. ಮೊದಮೊದಲು ಪಂದ್ಯಗಳಲ್ಲಿ ಸ್ಥಾನಗಳನ್ನು ಚೀಟಿ ಎತ್ತಿ ಕೊಡುತ್ತಿದ್ದರು. ಅಭ್ಯಾಸದ ವೇಗದ ಮೇಲೆ ಸ್ಥಾನ ಕೊಡುವ ಪದ್ಧತಿ ಗ್ರಾಂಡ್ ಪ್ರಿ ಪಂದ್ಯಗಳಲ್ಲಿ ಮೊದಲು ಬಂದುದು 1933ರ ಮೊನಾಕೊವಿನಲ್ಲಿಯೇ. ಅದೃಷ್ಟಕ್ಕಿಂತ ಯೋಗ್ಯತೆಗೆ ಮುಂದಿನ ಸ್ಥಾನ ಸಲ್ಲಬೇಕೆಂಬುದನ್ನು ಇಕ್ಕಟ್ಟಿನ ಬೀದಿಯೇ ಕಲಿಸಿತೆಂದರೆ ತಪ್ಪಲ್ಲ. ಇನ್ನು ಮುಂದೆ ನಿಂತವನು ಸುಮ್ಮನೆ ಗೆಲ್ಲುವನೆ? 1996ರಲ್ಲಿ ಮಳೆಯಿಂದ ನೆನೆದ ದಾರಿಯಲ್ಲಿ ಹದಿನಾಲ್ಕನೆಯವನಾಗಿ ಹೊರಟ ಒಲಿವಿಯೆ ಪಾನಿಸ್ ಗೆದ್ದನು. ಬಾವುಟ ಬೀಸಿದಾಗ ಓಡುತ್ತಿದ್ದುದು ಮೂರೇ ಕಾರುಗಳು. 2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಇದೇ ಬೀದಿಯಲ್ಲಿ ಫಾರ್ಮುಲಾ ಟೂ ವರ್ಗದ ಕಿರುಪಂದ್ಯವನ್ನು ಗೆದ್ದನು. ಅರ್ಹತೆಯಲ್ಲಿ ಹತ್ತನೆಯವನಾಗಿದ್ದ ಆತನಿಗೆ, ಮೊದಲ ಹತ್ತು ಸ್ಥಾನಗಳನ್ನು ತಿರುಗುಮುರುಗು ಮಾಡುವ ಆ ವರ್ಗದ ನಿಯಮದಿಂದ ಮೊದಲ ಸ್ಥಾನ ಒದಗಿತು. ಒದಗಿದ್ದು ನಿಯಮದಿಂದ, ಉಳಿದದ್ದು ಕೈಯಿಂದ. ಮೊದಲಿನಿಂದ ಕೊನೆಯವರೆಗೆ ಒಂದು ಬಾರಿಯೂ ಬೇಲಿಗೆ ತಾಗದೆ, ಒಂದು ಬಾರಿಯೂ ದಾರಿ ಬಿಡದೆ ಓಡಿದ ಆ ಓಟವನ್ನು ಮೆರವಣಿಗೆ ಎನ್ನಲು ನನಗಂತೂ ನಾಲಗೆ ಬಾರದು.

ಬೀದಿಯ ಪಂದ್ಯಗಳು ಈಗ ಬೇರೆಡೆಗಳಲ್ಲಿಯೂ ಹಬ್ಬಿವೆ. ಸಿಂಗಪುರದಲ್ಲಿ 2008ರಿಂದ ರಾತ್ರಿಯ ಹೊತ್ತು ದೀಪದ ಬೆಳಕಿನಲ್ಲಿ ನಡೆಯುವುದು. ಬಾಕು ನಗರದ 6 ಕಿಲೋಮೀಟರಿನ ಸುತ್ತಿನಲ್ಲಿ ಹಳೆಯ ಕೋಟೆಯ ಬಳಿ ದಾರಿ ಏಳೂವರೆ ಮೀಟರಿಗೆ ಇಕ್ಕಟ್ಟಾಗಿ, ಬಳಿಕ 2 ಕಿಲೋಮೀಟರಿಗೂ ಹೆಚ್ಚಿನ ನೀಳವಾದ ಓಟಕ್ಕೆ ತೆರೆದುಕೊಳ್ಳುವುದು. ನಮ್ಮ ದೇಶದಲ್ಲಿಯೂ 2023ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ವಿದ್ಯುತ್ ಕಾರುಗಳ ಫಾರ್ಮುಲಾ ಈ ಪಂದ್ಯ ನಡೆಯಿತು. ಮರುವರ್ಷದ ಪಂದ್ಯ ರದ್ದಾಯಿತು. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈಯಲ್ಲಿ ಐಲೆಂಡ್ ಗ್ರೌಂಡ್ಸಿನ ಸುತ್ತಿನ ಬೀದಿಗಳಲ್ಲಿ ರಾತ್ರಿಯ ಪಂದ್ಯ ನಡೆಯಿತು. ಆದುದರಿಂದ ಬೀದಿಯ ಪಂದ್ಯವೆಂಬುದು ನಮಗೆ ಕೇವಲ ಪರದೇಶದ ಸುದ್ದಿಯಾಗಿ ಉಳಿದಿಲ್ಲ.

ಇಲ್ಲಿ ನನ್ನ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತನ್ನು ಅರಿಕೆ ಮಾಡಬೇಕಾಗಿದೆ. ಪಂದ್ಯದ ಬೀದಿಗೂ ನಾವು ದಿನವೂ ಓಡಾಡುವ ಬೀದಿಗೂ ಹೆಸರೊಂದೇ ಸಮಾನ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುವರು. ಎದುರಿನಿಂದ ಯಾರೂ ಬರರು. ವಾರಗಟ್ಟಲೆ ದುಡಿದು ಬೇಲಿ ಕಟ್ಟಿರುವರು. ತಿರುವು ತಿರುವಿಗೂ ಬಾವುಟ ಹಿಡಿದ ಕಾವಲುಗಾರರು, ಬೆಂಕಿ ಆರಿಸುವವರು, ವೈದ್ಯರು ಸಿದ್ಧರಾಗಿರುವರು. ನಮ್ಮ ಊರುಗಳ ಹೊರವಲಯದ ಹೆದ್ದಾರಿಯಲ್ಲಿ ಸಂಜೆಯ ಹೊತ್ತು ಒಂದೇ ಗಾಲಿಯ ಮೇಲೆ ಬೈಕು ಓಡಿಸುವ ತರುಣನ ಎದುರಿಗೆ ಬರುವವರು ಯಾರು? ಶಾಲೆಯಿಂದ ಮರಳುವ ಮಗು, ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವನು, ದನ ಹೊಡೆದುಕೊಂಡು ಹೋಗುವ ಮುದುಕಿ. ಅವರು ಯಾವ ಪಂದ್ಯಕ್ಕೂ ಹೆಸರು ಕೊಟ್ಟವರಲ್ಲ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಎಂದು ಸರ್ಕಾರದ ಲೆಕ್ಕವೇ ಹೇಳುವುದು. ಮೊನಾಕೊವಿನ ಚಾಲಕನಿಂದ ಕಲಿಯಬೇಕಾದುದು ಆತನ ವೇಗವನ್ನಲ್ಲ, ಆತನ ಅಳತೆಯನ್ನು. ಪ್ರಪಂಚದ ಅತಿ ಕುಶಲನಾದ ಚಾಲಕನೂ ಆ ಹೇರ್‌ಪಿನ್ನಿನಲ್ಲಿ ನಮ್ಮ ಊರಿನ ಬಸ್ಸಿನ ವೇಗಕ್ಕೆ ಇಳಿಯುವನು. ಎಲ್ಲಿ ಇಳಿಯಬೇಕೆಂಬುದನ್ನು ಬಲ್ಲವನಿಗೇ ಎಲ್ಲಿ ಏರಬೇಕೆಂಬುದೂ ತಿಳಿಯುವುದು.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು. ಮೊನಾಕೊವನ್ನು ಪಂದ್ಯಗಳ ಪಟ್ಟಿಯಿಂದ ತೆಗೆಯಬೇಕೆಂಬುದು ಸಲ್ಲದ ಮಾತು. ವಿಶಾಲವಾದ ಹಾದಿಗಳಲ್ಲಿ ಧೈರ್ಯಕ್ಕೆ ಪರೀಕ್ಷೆ ನಡೆಯಲಿ. ಒಂದು ಕಡೆಯಾದರೂ ಸಂಯಮಕ್ಕೆ ಪರೀಕ್ಷೆ ನಡೆಯಲಿ. ಹಿಂದಿಕ್ಕುವುದೊಂದೇ ಗೆಲುವಲ್ಲ, ಎಪ್ಪತ್ತೆಂಟು ಸುತ್ತು ತಪ್ಪದೆ ನಡೆಯುವುದೂ ಗೆಲುವೇ. ಕಾರುಗಳನ್ನು ಇನ್ನಷ್ಟು ಕಿರಿದು ಮಾಡಲಿ, ಹಗುರ ಮಾಡಲಿ. ರಕ್ಷಣೆಯ ಏರ್ಪಾಡುಗಳನ್ನು ಇನ್ನಷ್ಟು ಬಲಪಡಿಸಲಿ. ಆದರೆ ಆ ಬೀದಿಯನ್ನು ಮಾತ್ರ ನೇರ ಮಾಡದಿರಲಿ. ನೆಲದ ಡೊಂಕು ಅಲ್ಲಿಯೇ ಇರಲಿ; ಕುಣಿತವನ್ನು ನಾವು ತಿದ್ದಿಕೊಳ್ಳೋಣ.